ಭಾವ ಕಟ್ಟಿದ ಸಮುದ್ರ

ನಮ್ಮ ಭಾವನವರಿಗೆ ಸಂಗೀತ ಬರುವುದಿಲ್ಲ. ಇಷ್ಟು ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಸಂಗೀತ ಬಾರದವರು ಊರು ತುಂಬ ಇದ್ದಾರೆ, ಅವರಲ್ಲಿ ಕೆಲವರು ಕಛೇರಿಯನ್ನೂ ಮಾಡುತ್ತಾರೆ. ಭಾವನವರದು ಆ ಜಾತಿಯಲ್ಲ. ಅವರು ಎದುರಿಗೆ ಬಂದರೆ ಸಂಗೀತವೇ ತಲೆ ತಗ್ಗಿಸಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತದೆ! ಷಡ್ಜ ಎಂದರೆ ಆರು ಮೂಲೆಯ ನಟ್ಟು ಇರಬೇಕೆಂದು ಮದುವೆಯಾದ ಮೇಲೂ ಎಷ್ಟೋ ದಿನ ನಂಬಿದ್ದರಂತೆ. ಮಗಳ ಹುಟ್ಟುಹಬ್ಬದಲ್ಲಿ ಇವರೂ ಹಾಡಲು ಬಾಯಿ ತೆರೆದರೆ ಊದುವ ಮೊದಲೇ ಮೇಣದಬತ್ತಿ ಆರೀತೆಂದು ಅಕ್ಕ ಅವರ ಕೈಗೆ ಕ್ಯಾಮೆರಾ ಕೊಟ್ಟು ದೂರ ನಿಲ್ಲಿಸುತ್ತಿದ್ದಳು.

ಇಂಥ ಮನುಷ್ಯ, ಇನ್ನೂರೈವತ್ತು ವರ್ಷಗಳಿಂದ ಯಾರೂ ಕೇಳದೆ ಬಿದ್ದಿದ್ದ ಒಂದು ಇಟಾಲಿಯನ್ ಸಂಗೀತ ನಾಟಕವನ್ನು, ಆಪೆರಾ ಎನ್ನುತ್ತಾರಲ್ಲ, ಅದನ್ನು ಎಬ್ಬಿಸಿ, ಮುಖ ತೊಳೆಸಿ, ಬರ್ಕ್ಲಿಯ ರಂಗದ ಮೇಲೆ ನಿಲ್ಲಿಸಿದರು ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಏನು ಮಾಡಲಿ, ನಾನು ಆಗ ಅದೇ ಮನೆಯಲ್ಲಿದ್ದೆ, ಅದೇ ಗ್ಯಾರೇಜಿನಲ್ಲಿ ಮರದ ಪುಡಿ ನುಂಗಿದ್ದೆ!

ಇದು ಎಂಬತ್ತರ ದಶಕದ ನಡುವಿನ ಮಾತು. ಅಕ್ಕ ಭಾವ ಬರ್ಕ್ಲಿಯಿಂದ ಕಾರಿನಲ್ಲಿ ಒಂದು ಗಂಟೆ ದೂರದ ಕ್ಯಾಂಪ್‌ಬೆಲ್‌ನಲ್ಲಿ ಮನೆ ಮಾಡಿಕೊಂಡಿದ್ದರು. ನಾನು ಲೈಬ್ರರಿ ಸೈನ್ಸ್ ಓದಲು ಬಂದು ಅವರ ಹಿಂಬದಿಯ ಕೋಣೆಯಲ್ಲಿ ಉಳಿದಿದ್ದೆ. ಭಾವ ಮೆಕ್ಯಾನಿಕಲ್ ಎಂಜಿನಿಯರು. ಕಂಪ್ಯೂಟರಿನ ಚಿಪ್ಪುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡುವ ಯಂತ್ರಗಳನ್ನು ರೂಪಿಸುವುದು ಅವರ ಕೆಲಸ. ಒಂದು ಕೂದಲೆಳೆಯಷ್ಟು ಆಚೀಚೆಯಾದರೂ ಕೆಲಸ ಕೆಡುತ್ತದೆ.

"ಇಷ್ಟು ವರ್ಷದಿಂದ ಕಣ್ಣಿಗೇ ಕಾಣದ್ದನ್ನ ಕದಲಿಸ್ತಾ ಇದೀನಿ ಪುಟ್ಟಿ. ಸಾಯೋದ್ರೊಳಗೆ ಒಂದ್ಸಲ ಏನಾದ್ರೂ ದೊಡ್ಡದನ್ನ ಕದಲಿಸ್ಬೇಕು ಕಣೇ" ಎಂದು ಕಾಫಿ ಕುಡಿಯುವಾಗಲೆಲ್ಲ ನನಗೆ ಹೇಳುತ್ತಿದ್ದರು.

"ಮೊದಲು ಆ ಸೋಫಾ ಕದಲಿಸಿ, ಹಿಂದುಗಡೆ ಕಸ ಗುಡಿಸ್ಬೇಕು" ಎಂದು ಅಕ್ಕ ಒಳಗಿನಿಂದ ಕೂಗುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಪಕ್ಕದ ರಸ್ತೆಯ ಮನೆಯೊಂದರಲ್ಲಿ ಹಳೆಯ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲಿಗೆ ಏಣಿ ತರುತ್ತೇನೆಂದು ಭಾವ ಹೊರಟರು. ನಾನೂ ಜೊತೆಗಿದ್ದೆ. ಮನೆಯ ಒಡತಿ ಮಾರ್ಗರೆಟ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು, ಕಡ್ಡಿಯಂತೆ ನೆಟ್ಟಗೆ ನಿಲ್ಲುವವರು. ಗ್ಯಾರೇಜಿನ ಮೇಜಿನ ಮೇಲೆ ಸಂಗೀತದ ಹಾಳೆಗಳು ಗುಡ್ಡದಂತೆ ಬಿದ್ದಿದ್ದವು. ಅದರ ಮೇಲೊಂದು ಚಿತ್ರ: ಸಾಲಾಗಿ ಮಲಗಿಸಿದ ತಿರುಚು ಕಂಬಗಳು, ಪಕ್ಕದಲ್ಲಿ ತಿರುಗಿಸುವ ಹಿಡಿ. ಭಾವ ಏಣಿಯನ್ನು ಮರೆತೇಬಿಟ್ಟರು.

"ಇದೇನಿದು?"

"ಸಮುದ್ರ" ಎಂದರು ಮಾರ್ಗರೆಟ್.

ವಿಷಯ ಹೀಗಿತ್ತು. ಇಟಲಿಯ ಯಾವುದೋ ಮಠದ ಪುಸ್ತಕ ಭಂಡಾರದಲ್ಲಿ ಸಿಕ್ಕಿದ ಹಸ್ತಪ್ರತಿಯ ಮೈಕ್ರೋಫಿಲ್ಮು ಅವರ ಕೈಗೆ ಬಂದಿತ್ತು. ಬರೆದವನ ಹೆಸರನ್ನು ಇಟಲಿಯವರೇ ಮರೆತಿದ್ದರು. ಆ ಮಸುಕು ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ ನೋಡಿ, ಪಿಟೀಲಿಗೆ ಬೇರೆ, ಕೊಳಲಿಗೆ ಬೇರೆ, ಹಾಡುವವರಿಗೆ ಬೇರೆ ಎಂದು ಹನ್ನೊಂದು ವರ್ಷ ಒಬ್ಬರೇ ಕೂತು ನಕಲು ತೆಗೆದಿದ್ದರು. ಕೊನೆಗೂ ಬರ್ಕ್ಲಿಯ ಒಂದು ಸಣ್ಣ ತಂಡ ಅದನ್ನು ಹಾಡಲು ಒಪ್ಪಿತ್ತು. ಕಥೆಯೂ ಸರಳ. ರಾಜ ಸಮುದ್ರದ ಪಾಲಾಗುತ್ತಾನೆ, ರಾಣಿ ಹುಡುಕಿಕೊಂಡು ಹೊರಡುತ್ತಾಳೆ, ಸಮುದ್ರರಾಜ ಸಿಟ್ಟಾಗಿ ಬಿರುಗಾಳಿ ಎಬ್ಬಿಸುತ್ತಾನೆ, ಕೊನೆಗೆ ದೇವತೆಯೊಬ್ಬಳು ಮೋಡದಲ್ಲಿ ಇಳಿದುಬಂದು ಎಲ್ಲವನ್ನೂ ಸರಿಮಾಡುತ್ತಾಳೆ. ಆ ಚಿತ್ರದಲ್ಲಿದ್ದದ್ದು ಆಗಿನವರು ರಂಗದ ಮೇಲೆ ಅಲೆ ಎಬ್ಬಿಸುತ್ತಿದ್ದ ಯಂತ್ರ.

"ಅರೆ, ಇದು ನಮ್ಮ ಕಂಪನಿ ನಾಟಕ!" ಎಂದು ಭಾವ ಕುಣಿದರು. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಅವರು ನೋಡದ ನಾಟಕವಿರಲಿಲ್ಲ. ಆದರೆ ನಟರ ಮುಖ ಒಂದೂ ನೆನಪಿಲ್ಲ. ಯಾವ ಹಗ್ಗ ಎಳೆದರೆ ಯಾವ ಪರದೆ ಏರುತ್ತದೆ ಎಂಬುದು ಬಾಯಿಪಾಠ! "ನಿಮ್ಮ ಸಮುದ್ರ ಎಷ್ಟು ಉದ್ದ ಇರುತ್ತೆ?"

"ಸಮುದ್ರ ಇರುವುದಿಲ್ಲ. ಗಾಯಕರು ಕಪ್ಪು ಬಟ್ಟೆ ಹಾಕಿಕೊಂಡು ನಿಂತು ಹಾಡುತ್ತಾರೆ, ಅಷ್ಟೆ. ಉಳಿದದ್ದನ್ನು ಜನ ಕಲ್ಪಿಸಿಕೊಳ್ಳುತ್ತಾರೆ."

ಭಾವನವರ ಮುಖ ಕೆಂಪಾಯಿತು. "ಮಾರ್ಗರೆಟ್, ಟಿಕೆಟ್ ತಗೊಂಡು ಬಂದೋರ ಕೈಲಿ ಕೆಲಸ ಮಾಡಿಸ್ಬಾರದು!"

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಏಣಿ ಎಲ್ಲಿ?"

"ಸಿಗ್ಲಿಲ್ಲ. ಸಮುದ್ರ ಸಿಕ್ತು" ಎಂದು ಭಾವ ನೆಟ್ಟಗೆ ಗ್ಯಾರೇಜಿಗೆ ನಡೆದರು. ಅಂದು ಹೊರಗೆ ಬಂದ ಅಕ್ಕನ ಕಾರು ಆರು ತಿಂಗಳು ಬಿಸಿಲಲ್ಲೇ ನಿಂತಿತು.

ಎಮರಿವಿಲ್‌ನ ಗುಜರಿ ಗೋದಾಮಿನಿಂದ ಹಳೆಯ ತೊಲೆಗಳು ಬಂದವು. ಹನ್ನೆರಡಡಿ ಉದ್ದದ ಐದು ಕಂಬಗಳನ್ನು ಹುರಿಹಗ್ಗದಂತೆ ತಿರುಚಾಗಿ ಕೆತ್ತಿ, ನೀಲಿ ಬಳಿದು, ಅಂಚಿಗೆ ಬಿಳಿ ನೊರೆ ಬರೆದು, ಒಂದರ ಹಿಂದೆ ಒಂದು ಅಡ್ಡಲಾಗಿ ಜೋಡಿಸಿದರು. ತಿರುಗಿಸಿದರೆ, ನಿಜ ಹೇಳುತ್ತೇನೆ, ಅಲೆಗಳು ಉರುಳಿ ಉರುಳಿ ಬರುತ್ತಿದ್ದವು! ನಾನು ಮೊದಲ ಸಲ ನೋಡಿದಾಗ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಆ ಅಲೆಗಳ ಶಕ್ತಿಯ ಮೂಲ ಎಲ್ಲಿದೆ ಎಂಬುದು ಸೋಮವಾರ ಬೆಳಿಗ್ಗೆ ತಿಳಿಯಿತು.

"ರೀ! ವಾಷಿಂಗ್ ಮಷೀನು ಯಾಕೆ ತಿರುಗ್ತಿಲ್ಲ? ಮೋಟಾರ್ ಎಲ್ಲಿ?"

"ಸಮುದ್ರದಲ್ಲಿದೆ ಕಣೇ."

ಅಕ್ಕ ಆ ವಾರ ನಾಲ್ಕು ಬಕೆಟ್ ಬಟ್ಟೆಯನ್ನು ಕಾರಿನಲ್ಲಿ ಹೇರಿಕೊಂಡು ಲಾಂಡ್ರಿಗೆ ಹೋದಳು. ಹೋಗುವಾಗ ಗ್ಯಾರೇಜಿನ ಬಾಗಿಲಿಗೆ ಕೇಳಿಸುವಂತೆ, "ಸಮುದ್ರ ಇರೋ ಮನೇಲಿ ನೀರಿಗೆ ಬರ ನೋಡಿ" ಎಂದಳು.

ಸಮುದ್ರ ಮುಗಿದರೆ ಗುಡುಗು. ಹಿಂದಿನ ಕಾಲದಲ್ಲಿ ಮರದ ದೋಣಿಯಂಥ ತೊಟ್ಟಿಯಲ್ಲಿ ಕಬ್ಬಿಣದ ಗುಂಡು ಉರುಳಿಸುತ್ತಿದ್ದರಂತೆ. ಕಬ್ಬಿಣದ ಗುಂಡಿಗೆ ಕ್ಯಾಂಪ್‌ಬೆಲ್‌ನಲ್ಲಿ ಎಲ್ಲಿಗೆ ಹೋಗಬೇಕು? ಅಕ್ಕ ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ಹೊತ್ತು ತಂದಿದ್ದ ರುಬ್ಬುಗುಂಡು ಮಾಯವಾಯಿತು. ಭಾನುವಾರ ಮಧ್ಯಾಹ್ನ ಭಾವ ಅದನ್ನು ಇಳಿಜಾರು ತೊಟ್ಟಿಯಲ್ಲಿ ಬಿಟ್ಟರು ನೋಡಿ! ನೆಲ ನಡುಗಿತು, ಕಿಟಕಿಯ ಗಾಜು ಗಡಗಡ ಎಂದಿತು. ಹೊರಗೆ ಬಂದು ನೋಡಿದರೆ ರಸ್ತೆಯ ಎರಡೂ ಬದಿಯ ಜನ ಮನೆ ಬಿಟ್ಟು ಹುಲ್ಲಿನ ಮೇಲೆ ನಿಂತಿದ್ದಾರೆ! ಎದುರುಮನೆಯ ಮುದುಕರು ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡು, "ಈ ಸಲದ್ದು ದೊಡ್ಡ ಭೂಕಂಪ!" ಎನ್ನುತ್ತಿದ್ದರು.

ಭಾವ ಮುಖ ಅರಳಿಸಿಕೊಂಡು ಕೈ ಎತ್ತಿದರು. "ಇಲ್ಲ ಇಲ್ಲ, ನಾನೇ! ಹೇಗಿತ್ತು?"

ಮಾರನೆಯ ವಾರ ಮಗಳ ಶಾಲೆಯಿಂದ ಫೋನು ಬಂತು. 'ನಮ್ಮ ತಂದೆಯ ಉದ್ಯೋಗ' ಎಂದು ಬರೆಯಲು ಹೇಳಿದರೆ ಮಗು, 'ನನ್ನ ಡ್ಯಾಡಿ ಗುಡುಗು ಮಾಡುತ್ತಾರೆ, ರಜಾದಿನ ಸಮುದ್ರ ಮಾಡುತ್ತಾರೆ' ಎಂದು ಬರೆದಿತ್ತಂತೆ. ಟೀಚರಿಗೆ ಗಾಬರಿ: ಮನೆಯಲ್ಲಿ ಎಲ್ಲವೂ ಸರಿಯಾಗಿದೆಯೆ? ಅಕ್ಕ ಏನು ಹೇಳಿಯಾಳು? "ಷೀ ಈಸ್ ರೈಟ್" ಎಂದು ಫೋನು ಇಟ್ಟಳು.

ಬರ್ಕ್ಲಿಯಲ್ಲಿ ತಾಲೀಮು ಶುರುವಾಯಿತು. ಸಂಗೀತ ನಡೆಸುವವನು ತೆಳ್ಳಗೆ ಗಡ್ಡ ಬಿಟ್ಟ ತರುಣ. ಭಾವ ಮೊದಲ ದಿನದಿಂದಲೇ ಅವನನ್ನು "ಮೇಷ್ಟ್ರು" ಎಂದು ಕರೆದರು. ಅವನು ಅದನ್ನು ಯಾವುದೋ ದೊಡ್ಡ ಬಿರುದೆಂದುಕೊಂಡ. ರಾಜನ ಪಾತ್ರವನ್ನು ಒಬ್ಬ ಹೆಂಗಸು ಹಾಡುತ್ತಿದ್ದಳು. ಇದೇನು ಎಂದು ನಾನು ಕೇಳಿದರೆ ಭಾವ, "ನಮ್ಮ ಕಂಪನೀಲಿ ಗಂಡಸರು ರಾಣಿ ಆಗ್ತಿರ್ಲಿಲ್ವಾ? ಇವ್ರು ಆ ಸಾಲ ತೀರಿಸ್ತಿದಾರೆ" ಎಂದರು. ಆ ಕಾಲದ ಹಾಡುಗಳ ರೀತಿ ಇನ್ನೂ ಸೊಗಸು. ಮೊದಲ ಭಾಗ ಹಾಡಬೇಕು, ಆಮೇಲೆ ಬೇರೊಂದು ಭಾಗ, ಆಮೇಲೆ ಮತ್ತೆ ಮೊದಲಿನದನ್ನೇ, ನಮ್ಮ ಕಛೇರಿಯವರಂತೆ ಸಂಗತಿಗಳನ್ನು ಸೇರಿಸಿ ಅಲಂಕರಿಸಿ ಹಾಡಬೇಕು.

"ನೋಡ್ದಾ ಪುಟ್ಟಿ? ಎಷ್ಟು ಒಳ್ಳೇ ಜನ! ನಾವು ಕೂಗೋ ಮೊದಲೇ ಅವರಾಗೇ ಒನ್ಸ್ ಮೋರ್ ಕೊಟ್ಬಿಡ್ತಾರೆ!"

ಆದರೆ ಮೇಷ್ಟ್ರಿಗೆ ಸಮುದ್ರದ ಮೇಲೆ ಸಿಟ್ಟು. ಹಾರ್ಪ್ಸಿಕಾರ್ಡ್ ಎಂಬ ಅವನ ತಂತಿವಾದ್ಯದ ಸದ್ದು ಗೆಜ್ಜೆಯಷ್ಟು ಸಣ್ಣದು. ಅದರ ಮುಂದೆ ಮೋಟಾರು ಗುರ್ ಎನ್ನುತ್ತಿತ್ತು. ಮೋಟಾರು ಅಕ್ಕನಿಗೆ ವಾಪಸಾಯಿತು, ಕೈಯಿಂದ ತಿರುಗಿಸುವ ಹಿಡಿ ಬಂತು. ಹಿಡಿ ಬಂದ ಮೇಲೆ ಮರ ಕಿರ್ರೋ ಎಂದು ಅತ್ತಿತು. ಯಂತ್ರದೆಣ್ಣೆ ಹಾಕಿದರು, ಮೇಣ ತಿಕ್ಕಿದರು, ಊಹೂಂ. ಕೊನೆಗೆ ಭಾವ ಎತ್ತಿನಗಾಡಿಯ ಅಚ್ಚನ್ನು ನೆನೆಸಿಕೊಂಡು ಹರಳೆಣ್ಣೆ ತಂದು ಸುರಿದರು. ಸದ್ದು ಸತ್ತುಹೋಯಿತು! ವಾಸನೆ ಎದ್ದು ಕೂತಿತು. ಹಾಡುವ ರಾಣಿ ಮೂಗು ಮುಚ್ಚಿಕೊಂಡು ಇದೇನೆಂದು ಕೇಳಿದಳು. ನಮ್ಮೂರಲ್ಲಿ ಇದನ್ನು ಕುಡಿದರೆ ಮಾರನೆಯ ದಿನ ಯಾರೂ ಮನೆ ಬಿಟ್ಟು ಹೊರಗೆ ಬರುವುದಿಲ್ಲ ಎಂದು ಭಾವ ವಿವರಿಸಿದರು.

ಪ್ರದರ್ಶನಕ್ಕೆ ಮೂರು ವಾರ ಇರುವಾಗ ಮೇಷ್ಟ್ರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: "ನಾಟಕ ನಾಲ್ಕು ಗಂಟೆ ಆಗುತ್ತಿದೆ. ಈಗಿನ ಜನ ಕೂರುವುದಿಲ್ಲ. ಸಮುದ್ರ, ಮೋಡ ತೆಗೆದುಬಿಡೋಣ. ಅದನ್ನು ಜೋಡಿಸುವ ಹೊತ್ತು ಉಳಿಯುತ್ತದೆ."

ಭಾವ ಕೂಗಾಡುತ್ತಾರೆಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಅವರು ಕೂಗಲಿಲ್ಲ. ಬಹಳ ಮೆತ್ತಗೆ, "ಬೇಕಾದರೆ ಹಾಡು ಕತ್ತರಿಸಿ ಮೇಷ್ಟ್ರೇ. ಸಮುದ್ರ ಮಾತ್ರ ಬೇಡ" ಎಂದರು.

ಆಪೆರಾದಲ್ಲಿ ಹಾಡು ಕತ್ತರಿಸಿ ಸಮುದ್ರ ಉಳಿಸಬೇಕಂತೆ! ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾರ್ಗರೆಟ್ ನಗಲಿಲ್ಲ. "ಎರಡೂ ಇರಲಿ. ಈ ನಾಟಕ ಇಷ್ಟು ವರ್ಷ ಕಾದಿದೆ, ಇನ್ನೊಂದು ಗಂಟೆ ಜನ ಕಾಯಲಿ" ಎಂದರು. ಹನ್ನೊಂದು ವರ್ಷ ಬರೆದವರ ಮಾತಿಗೆ ಎದುರಾಡುವವರು ಯಾರು?

ಮೋಡವನ್ನು ಹಲಗೆ, ಹತ್ತಿ ಮತ್ತು ಭಾವನವರ ಹದಿನಾಲ್ಕು ಪಂಚೆಗಳಿಂದ ಮಾಡಲಾಯಿತು. ಅದನ್ನು ಕ್ಯಾಂಪ್‌ಬೆಲ್‌ನಿಂದ ಬರ್ಕ್ಲಿಗೆ ಸಾಗಿಸಬೇಕಲ್ಲ? ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಫ್ರೀವೇ ಹತ್ತಿದೆವು. ಹೇವರ್ಡ್ ದಾಟುವಷ್ಟರಲ್ಲಿ ಹಿಂದೆ ಪೊಲೀಸ್ ಕಾರಿನ ದೀಪ! ಅಧಿಕಾರಿ ಬಂದು ಕಿಟಕಿಗೆ ಬಗ್ಗಿದ.

"ಸರ್, ಮೇಲಿರೋದು ಏನು?"

"ಮೋಡ" ಎಂದರು ಭಾವ.

ಅವನು ಕಪ್ಪು ಕನ್ನಡಕ ತೆಗೆದ. "ಏನಂದಿರಿ?"

"ಮೋಡ, ಆಫೀಸರ್. ದೇವತೆ ಇಳಿದು ಬರೋಕೆ."

ಅವನು ಕಾರಿಗೆ ಒಂದು ಸುತ್ತು ಬಂದ. ಹಗ್ಗವನ್ನು ಎಳೆದು ನೋಡಿದ. ಗಾಳಿಗೆ ಪಟಪಟ ಎನ್ನುತ್ತಿದ್ದ ಒಂದು ಪಂಚೆಯ ಜರಿಯಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಗಂಭೀರವಾಗಿ, "ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಒಳರಸ್ತೆ ಹಿಡಿಯಿರಿ ಸರ್. ಈ ಗಾಳಿಗೆ ನಿಮ್ಮ ಮೋಡ ಹಾರಿಹೋಗುತ್ತದೆ" ಎಂದ.

"ಗಾಳಿಗೆ ಹಾರದೆ ಇದ್ರೆ ಅದು ಎಂಥ ಮೋಡ!" ಎಂದು ಭಾವ ಕನ್ನಡದಲ್ಲಿ ಹೇಳಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಜಿಗುಟಿದಳು.

ಶನಿವಾರ ಸಂಜೆ ಮೊದಲ ಪ್ರದರ್ಶನ. ಸಭಾಂಗಣ ತುಂಬಿತ್ತು. ಸುತ್ತಲಿನ ಬೇ ಏರಿಯಾದ ನಮ್ಮ ಕನ್ನಡದವರೂ ಹತ್ತು ಹನ್ನೆರಡು ಮಂದಿ ಬಂದಿದ್ದರು. ಇಟಾಲಿಯನ್ ಆಪೆರಾ ಎಂದಲ್ಲ, ಭಾವ ಏನು ಅನಾಹುತ ಮಾಡಿಕೊಂಡಿದ್ದಾರೆ ನೋಡೋಣವೆಂದು! ಸಮುದ್ರ ಉರುಳಿದಾಗ ಜನ ಉಸಿರು ಬಿಗಿಹಿಡಿದರು. ಗುಡುಗಿಗೆ ಮುಂದಿನ ಸಾಲಿನ ಇಬ್ಬರು ಕುರ್ಚಿಯ ಕೈ ಹಿಡಿದುಕೊಂಡರು. ಎಲ್ಲ ಸುಸೂತ್ರ ಎನ್ನುವಾಗ ಕೊನೆಯ ಅಂಕದಲ್ಲಿ ದೇವತೆ ಹಾಡುತ್ತ ಮೋಡದಲ್ಲಿ ಇಳಿಯತೊಡಗಿದಳು. ಆಕೆ ಸಾಕಷ್ಟು ತುಂಬಿದ ಮೈಕಟ್ಟಿನವಳು. ಮೋಡ ಅರ್ಧ ಇಳಿದು, ನೆಲದಿಂದ ಎಂಟಡಿ ಮೇಲೆ ಗಕ್ಕನೆ ನಿಂತುಬಿಟ್ಟಿತು! ರಾಟೆಗೆ ಹಗ್ಗ ಸಿಕ್ಕಿಕೊಂಡಿತ್ತು. ದೇವತೆ ಹಾಡು ಮುಗಿಸಿದಳು. ಕೆಳಗೆ ರಾಜ ರಾಣಿ ತಲೆ ಎತ್ತಿ ನೋಡುತ್ತಿದ್ದಾರೆ. ಮೇಲೆ ದೇವತೆ ಕಣ್ಣಲ್ಲೇ ಪ್ರಾಣಭಿಕ್ಷೆ ಬೇಡುತ್ತಿದ್ದಾಳೆ. ಮೇಷ್ಟ್ರ ಕೈ ಗಾಳಿಯಲ್ಲಿ ನಿಂತಿದೆ.

ಆಗ ರಂಗದ ಪಕ್ಕದಿಂದ ಮೈಸೂರಿನ ಗಂಟಲೊಂದು ಗರ್ಜಿಸಿತು: "ಒನ್ಸ್ ಮೋರ್!"

ಮೇಷ್ಟ್ರು ಬೆಚ್ಚಿಬಿದ್ದು ಕೈ ಇಳಿಸಿದ, ವಾದ್ಯಗಳು ಶುರುವಾದವು, ದೇವತೆ ಮತ್ತೆ ಹಾಡಿದಳು. ಭಾವ ಏಣಿ ಹತ್ತಿ ಹಗ್ಗದ ಜೊತೆ ಗುದ್ದಾಡುತ್ತಿದ್ದರು. ಎರಡನೇ ಸಲ ಮುಗಿದರೂ ಮೋಡ ಕದಲಲಿಲ್ಲ. ಈ ಸಲ ನಮ್ಮ ಹತ್ತು ಹನ್ನೆರಡು ಜನ ಅಭ್ಯಾಸಬಲದಿಂದ "ಒನ್ಸ್ ಮೋರ್!" ಎಂದರು. ಇದು ಹಳೆಯ ಕಾಲದ ಪದ್ಧತಿಯೇ ಇರಬೇಕೆಂದುಕೊಂಡು ಬರ್ಕ್ಲಿಯ ಪಂಡಿತರೂ ದನಿಗೂಡಿಸಿದರು! ಮೂರನೇ ಸಲದ ನಡುವೆ ಹಗ್ಗ ಬಿಟ್ಟುಕೊಂಡಿತು. ದೇವತೆ ಹೂವಿನಂತೆ ಇಳಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಭಾವನವರ ಎರಡೂ ಅಂಗೈ ಸುಲಿದು ಕೆಂಪಾಗಿದ್ದವು.

ಭಾನುವಾರ ಮಧ್ಯಾಹ್ನ ಎರಡನೆಯ, ಕೊನೆಯ ಪ್ರದರ್ಶನ. ಶುರುವಾಗುವ ಮೊದಲು ಭಾವ ನನ್ನನ್ನು ಸಮುದ್ರದ ಬಳಿ ಕರೆದರು. ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದರು, ಕಂಕುಳಲ್ಲಿ ಆಫೀಸಿನ ಹಳದಿ ಪ್ಯಾಡು.

"ಪುಟ್ಟಿ, ಇವತ್ತು ಸಮುದ್ರ ನೀನು ತಿರುಗ್ಸು. ಮೋಡ ಇಳಿಸೋಕೆ ತಂಡದ ಇಬ್ಬರು ಹುಡುಗಿಯರಿಗೆ ಹೇಳಿದೀನಿ. ನಂಗೆ ಹೊರಗಡೆ ಕೆಲಸ ಇದೆ."

"ಭಾವ! ನಂಗೆಲ್ಲಿ ಗೊತ್ತಾಗುತ್ತೆ ಯಾವಾಗ ತಿರುಗಿಸ್ಬೇಕು ಅಂತ?"

"ಮಾರ್ಗರೆಟ್ ಪಕ್ಕದಲ್ಲೇ ನಿಂತಿರ್ತಾರೆ. ಅವರ ಕೈ ನೋಡ್ತಾ ಇರು. ನಂಗೆ ತಾಳ ಬರುತ್ತಾ? ನಾನೂ ನಿನ್ನೆ ಹಾಗೇ ಮಾಡಿದ್ದು."

ಮಾರ್ಗರೆಟ್ ಬಂದು ನಿಂತರು. ಹಾಳೆ ಇಲ್ಲ, ಏನಿಲ್ಲ. ಇಡೀ ನಾಟಕ ಅವರ ಬೆರಳುಗಳಲ್ಲಿತ್ತು. ಗಾಯಕರ ತುಟಿ ನೋಡುತ್ತ ಬಲಗೈಯನ್ನು ಆಡಿಸುತ್ತಿದ್ದರು. ಆ ಕೈ ಏರಿದರೆ ನನ್ನ ಅಲೆ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ವಿರಾಮದಲ್ಲಿ ನಾನು ಅವರ ಹಿಂದೆ ನಿಂತು, ಕಾಫಿ ತರಲೇ ಎಂದು ಕೇಳಿದೆ. ಉತ್ತರವಿಲ್ಲ. ಸ್ವಲ್ಪ ಗಟ್ಟಿಯಾಗಿ ಕೇಳಿದೆ. ತಿರುಗಲಿಲ್ಲ. ಭುಜ ಮುಟ್ಟಿದೆ.

"ಮುಖ ತೋರಿಸಿ ಹೇಳಮ್ಮ" ಎಂದರು. ನನ್ನ ಮುಖದಲ್ಲಿ ಏನು ಕಂಡಿತೋ, ಕೈ ಹಿಡಿದುಕೊಂಡರು. "ಎರಡು ವರ್ಷದಿಂದ ಹೋಗುತ್ತಾ ಬಂತು. ಮೊದಲು ಹಾರ್ಪ್ಸಿಕಾರ್ಡ್ ಹೋಯಿತು, ಆಮೇಲೆ ಹೆಂಗಸರ ದನಿ. ಈಗ ನಿಮ್ಮ ಗುಡುಗು ಮಾತ್ರ ತಿಳಿಯುತ್ತದೆ, ಅದೂ ಕಾಲಿನಲ್ಲಿ. ನಿನ್ನ ಭಾವ ಒಂದು ದಿನ ಮೋಟಾರಿನ ಸದ್ದು ಹೆಚ್ಚಾಯಿತೇ ಎಂದು ಕೇಳಿದರು. ಮೋಟಾರು ಓಡುತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವರೊಬ್ಬರಿಗೆ ಗೊತ್ತು. ಹಾಡುವವರಿಗೆ ಹೇಳಬೇಡ, ಪಾಪ, ಹಾಡುವುದು ಬಿಟ್ಟು ನನ್ನನ್ನೇ ನೋಡುತ್ತಾರೆ."

ಉಳಿದ ಅಂಕಗಳಲ್ಲಿ ಸಮುದ್ರವನ್ನು ನಾನು ಹೇಗೆ ತಿರುಗಿಸಿದೆನೋ ನನಗೆ ನೆನಪಿಲ್ಲ. ನೆನಪಿರುವುದು ಆ ಕೈಯೊಂದೇ.

ಸೋಮವಾರ ಸಂಜೆ ಭಾವ ಆಫೀಸಿನಿಂದ ನೆಟ್ಟಗೆ ಮಾರ್ಗರೆಟ್ ಮನೆಗೆ ಹೊರಟರು, ನನ್ನನ್ನೂ ಎಳೆದುಕೊಂಡು. ಅಡಿಗೆಮನೆಯ ಮೇಜಿನ ಮೇಲೆ ಹಳದಿ ಪ್ಯಾಡನ್ನು ಇಟ್ಟರು. "ಹಾಡು ಹೇಗಿತ್ತು ಅಂತ ಹೇಳೋಕೆ ನಂಗೆ ಬರಲ್ಲ. ಏನಾಯ್ತು ಅಂತ ಬರ್ಕೊಂಡಿದೀನಿ, ಅಷ್ಟೆ" ಎಂದರು, ತುಟಿ ಕಾಣುವಂತೆ, ನಿಧಾನವಾಗಿ, ಇಂಗ್ಲಿಷಿನಲ್ಲಿ.

ಯಂತ್ರ ಪರೀಕ್ಷೆಯ ವರದಿಯಂತೆ ಗೆರೆ ಎಳೆದು ಬರೆದಿದ್ದರು. ಒಂದೊಂದು ಹಾಡಿಗೆ ಒಂದೊಂದು ಸಂಖ್ಯೆ. ನಾಲ್ಕನೇ ಹಾಡು: ಕೆಮ್ಮು ಎರಡು. ಏಳನೇ ಹಾಡು, ರಾಣಿ: ಮೂರನೇ ಸಾಲಿನ ಕೆಂಪು ಕೋಟಿನ ಹೆಂಗಸು ಕರವಸ್ತ್ರ ಹೊರಗೆ ತೆಗೆದರು, ಹಾಡು ತಿರುಗಿ ಬಂದಾಗ ಉಪಯೋಗಿಸಿದರು. ಒಂಬತ್ತನೇ ಹಾಡು: ಐದನೇ ಸಾಲಿನ ಗಂಡಸು ನಿದ್ದೆ, ಹಾಡಿನ ತಪ್ಪಲ್ಲ, ಬಂದಾಗಿನಿಂದ ಮಲಗಿದ್ದರು. ಹನ್ನೊಂದನೇ ಹಾಡು: ಯಾರೂ ಕದಲಲಿಲ್ಲ, ಕಾಗದದ ಸದ್ದೂ ಇಲ್ಲ, ಮುಗಿದ ಮೇಲೆ ಚಪ್ಪಾಳೆ ಬರುವ ಮೊದಲು ನಾಲ್ಕು ಸೆಕೆಂಡು. ಹದಿನಾಲ್ಕನೇ ಹಾಡು: ಒಬ್ಬ ಮುದುಕರು ಹೆಂಡತಿಯ ಕೈ ಹಿಡಿದುಕೊಂಡರು, ಕೊನೆಯವರೆಗೂ ಬಿಡಲಿಲ್ಲ.

ಮಾರ್ಗರೆಟ್ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಕೆಲವು ಕಡೆ ನಕ್ಕರು. ಹನ್ನೊಂದನೆಯದರ ಹತ್ತಿರ ಬಹಳ ಹೊತ್ತು ನಿಂತರು. "ನಾಲ್ಕು ಸೆಕೆಂಡೆ?" ಎಂದು ಕೇಳಿದರು. ಭಾವ ತಮ್ಮ ಕೈಗಡಿಯಾರ ತೋರಿಸಿ ಹೌದೆಂದು ತಲೆಯಾಡಿಸಿದರು. ಕೊನೆಯ ಪುಟದ ಅಡಿಯಲ್ಲಿ ಇನ್ನೊಂದು ಸಾಲು ಇತ್ತು. ಮಾರ್ಗರೆಟ್ ಅದರ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಓದದೆ, ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು.

'ಹಿಂದಿನ ಬಾಗಿಲ ಬಳಿ ಪ್ಯಾಡು ಹಿಡಿದು ನಿಂತಿದ್ದವನು: ಎರಡು ಸಲ ಅತ್ತ. ಕಾರಣ ತಿಳಿಯಲಿಲ್ಲ.'

ನಾನು ತಲೆ ಎತ್ತಿ ನೋಡಿದರೆ ಭಾವ ಕುರ್ಚಿಯಲ್ಲಿಲ್ಲ. "ಈ ಮೇಜಿನ ಕಾಲು ಅಲ್ಲಾಡ್ತಿದೆಯಲ್ಲ" ಎನ್ನುತ್ತ ಕೆಳಗೆ ನುಗ್ಗಿಬಿಟ್ಟಿದ್ದರು. ನಾನು ಮೇಜನ್ನು ಅಲುಗಿಸಿ ನೋಡಿದೆ. ಗಟ್ಟಿಯಾಗಿಯೇ ಇತ್ತು. ಭಾವ ಮಾತ್ರ ಬಹಳ ಹೊತ್ತು ಮೇಲೆ ಬರಲಿಲ್ಲ.